ರುಕ್ಮಿಣಿಯ ದಿಂಬಿನಡಿಯ ಮಣ್ಣು

ರೇಡಿಯೋದಲ್ಲಿ ರಕ್ತಪಿಶಾಚಿಗಳ ಕಥೆ ಶುರುವಾದ ಮೇಲೆ ತೋಡೂರಿನ ನಿರಾಶ್ರಿತರ ಕಾಲೊನಿಯಲ್ಲಿ ಮಟಮಟ ಮಧ್ಯಾಹ್ನವೂ ಬಾಗಿಲು ಹಾಕಿಕೊಳ್ಳುವವರಾದರು. ಎಲ್ಲೆಲ್ಲೋ ದೂರದೇಶದವರು ಕಳೆದ ಶತಮಾನದಲ್ಲಿ ಬರೆದ ಸಣ್ಣ ಕಥೆಗಳು. ಸೋಮವಾರ ಮಧ್ಯಾಹ್ನಕ್ಕೊಂದನ್ನು ಒಬ್ಬ ಹೆಂಗಸು ಒಂದಿಷ್ಟೂ ಅವಸರವಿಲ್ಲದೆ ಕನ್ನಡದಲ್ಲಿ ಓದುತ್ತಿದ್ದಳು. ಹುಲಿಯಾನ ಸೊಸೆ ಸುನೀತಾ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುವಳು. ಅವನ ಹೆಂಡತಿ ರುಕ್ಮಿಣಿ ಮಾತ್ರ ಮಲಗಿದಲ್ಲಿಂದಲೇ ಕೇಳುವಳು. ಹೃದಯ ಸೋತು ಹಾಸಿಗೆ ಹಿಡಿದವಳಿಗೆ ಪಿಶಾಚಿಯ ಹೆದರಿಕೆ ಎಂಥದು!

ಅವಳು ಸರಿಯಾಗಿ ನಿದ್ದೆ ಮಾಡದೆ ಇಪ್ಪತ್ತೈದು ವರ್ಷವಾಗಿತ್ತು. ನೌಕಾನೆಲೆಗೆಂದು ಸರ್ಕಾರ ಊರನ್ನೇ ಎಬ್ಬಿಸಿ ಅರ್ಗಾದ ಮನೆ ಬಿಡಿಸಿದ ದಿನ ಹೋದ ನಿದ್ದೆ ಯಾವ ಗುಳಿಗೆಗೂ ಬಗ್ಗಲಿಲ್ಲ.

ಒಂದು ಸೋಮವಾರದ ಕಥೆಯಲ್ಲಿ ಪಿಶಾಚಿಯೊಂದು ಪರಊರಿನಲ್ಲಿ ಬಾಡಿಗೆ ಕೋಣೆ ಹಿಡಿದಿತ್ತು. ತನ್ನೂರಿನ ಮಣ್ಣನ್ನು ಹಾಸಿಗೆಯಡಿ ಹರಡಿಕೊಂಡರಷ್ಟೇ ಅದಕ್ಕೆ ನಿದ್ದೆ. ಮನೆಯೊಡತಿ ಕಸವೆಂದು ಆ ಮಣ್ಣನ್ನು ಗುಡಿಸಿ ಬಿಸಾಡಿದಳು.

"ಪಾಪ," ಎಂದಳು ರುಕ್ಮಿಣಿ. "ಅಂವ ಇನ್ನೆಲ್ಲಿ ಮಲಗ್ಬೇಕು?"

"ರಕ್ತ ಕುಡಿಯೋನಿಗೆ ಎಂತಾ ಪಾಪ ಮಾರಾಯ್ತಿ!" ಎಂದ ಹುಲಿಯಾ.

"ನಿಮ್ಗೆ ತಿಳೂದಿಲ್ಲ. ನಂಗೊಂದು ಮುಷ್ಟಿ ತಂದ್ಕೊಡಿ, ನಮ್ಮ ಅಂಗಳದ ಮಣ್ಣು. ದಿಂಬಿನಡಿ ಇಟ್ಕಂತೆ. ಒಂದ್ಸಲ ಕಣ್ತುಂಬ ನಿದ್ದೆ ಮಾಡಿ ಸಾಯ್ತೆ."

ಆ ಮಣ್ಣು ಅವಳಿಗೆ ಬಾಯಿಪಾಠ. ಮಗ ಸುನಿಲನ ಬಸುರಿಯಾಗಿದ್ದಾಗ ಕದ್ದು ಕದ್ದು ತಿಂದಿದ್ದಳು. ಅತ್ತೆಯ ಬೈಗುಳಕ್ಕೂ ಜಗ್ಗಿರಲಿಲ್ಲ. ಬೂದಿ ಬಣ್ಣದ, ಚಿಪ್ಪಿನ ಚೂರು ಬೆರೆತ, ಮರಳುಮರಳಾದ ಹೊಯ್ಗೆಮಣ್ಣು. ಕಡಲು ಹತ್ತಿರವಿದ್ದರೂ ಉಪ್ಪಿನ ಸೋಂಕಿರಲಿಲ್ಲ. ಹರಿವೆ, ಬಸಳೆ ಸೊಂಪಾಗಿ ಬೆಳೆಯುತ್ತಿದ್ದವು.

ಊರದೇವರ ಪೂಜೆಗೆಂದು ಹಳೆಯ ಊರವರನ್ನು ವರ್ಷಕ್ಕೊಂದು ದಿನ ನೌಕಾನೆಲೆಯ ಬೇಲಿಯೊಳಗೆ ಬಿಡುತ್ತಾರೆ. ಹುಲಿಯಾ ಆಧಾರ್ ಕಾರ್ಡು, ತೆಂಗಿನಕಾಯಿ, ಒಂದು ಖಾಲಿ ಡಬ್ಬಿ ಹಿಡಿದು ಹೋದ. ದೇವರ ಕಟ್ಟೆಯಿಂದ ಮನೆಗೆ ನೂರಾ ಹತ್ತು ಹೆಜ್ಜೆ. ಕಣ್ಣು ಮುಚ್ಚಿದರೂ ತಪ್ಪುತ್ತಿರಲಿಲ್ಲ. ಅಲ್ಲೀಗ ಡಾಂಬರು ರಸ್ತೆ, ಅದರಂಚಿಗೆ ಹೂವಿನ ಪಾತಿ. ಕೆದರಿದರೆ ಕೆಂಪು ಮಣ್ಣು.

"ಇದು ಲಾರಿ ಮೇಲೆ ಬಂದದ್ದು ಅಜ್ಜಾ," ಎಂದ ನೀರು ಹಾಕುತ್ತಿದ್ದ ಮಾಲಿ. "ಹಳೇದೆಲ್ಲ ಇದರಡಿಗೆ ಹೋಯ್ತು."

ಹುಲಿಯಾ ಕೆದರಿದ ಕೆಂಪು ಮಣ್ಣನ್ನು ಕಾಲಿಂದ ಒದ್ದ. ಆದರೆ ಯಾರ ಮೇಲೆ ಕೂಗುವುದು? ಮಾಲಿಯೂ ಅವನಂತೆ ಕೂಲಿಯವನೇ.

ಖಾಲಿ ಡಬ್ಬಿ ಹಿಡಿದು ಅವಳೆದುರು ನಿಲ್ಲುವ ಧೈರ್ಯವಾಗದೆ, ಬರುವ ದಾರಿಯಲ್ಲಿ ಕಡಲ ದಂಡೆಗಿಳಿದ. ಹೊಯ್ಗೆ ತುಂಬಿದ. ಬೆಳಚಿನ ಚಿಪ್ಪು ಹೆಕ್ಕಿ ಕಲ್ಲಿನಲ್ಲಿ ಜಜ್ಜಿದ. ಗದ್ದೆಯಂಚಿನ ಕಪ್ಪು ಮಣ್ಣು ಸ್ವಲ್ಪ ಸೇರಿಸಿ ಬಣ್ಣ ಕೂಡಿಸಿದ. ಹೆಂಡತಿಗೆ ಹೇಳಿದ ಮೊದಲ ಸುಳ್ಳೇನೂ ಅಲ್ಲ ಬಿಡಿ, ಆದರೆ ಇಷ್ಟು ಮೈಮುರಿದು ಮಾಡಿದ ಸುಳ್ಳು ಇದೊಂದೇ.

ರುಕ್ಮಿಣಿ ಬೆರಳಲ್ಲಿ ಉಜ್ಜಿ ನೋಡಿದಳು. ಅವನು ತಡೆಯುವಷ್ಟರಲ್ಲಿ ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡಳು. ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು.

"ಹೌದು, ನಮ್ದೇ," ಎಂದಳು.

ಬಟ್ಟೆಯಲ್ಲಿ ಗಂಟು ಕಟ್ಟಿ ದಿಂಬಿನಡಿ ಇಟ್ಟುಕೊಂಡು ಗೋಡೆಯ ಕಡೆ ಹೊರಳಿದಳು.

ಅಂದಿನಿಂದ ದಿನಾ ಮಧ್ಯಾಹ್ನ ರುಕ್ಮಿಣಿಗೆ ನಿದ್ದೆ. ಸಣ್ಣಗೆ ಗೊರಕೆ ಬೇರೆ. "ನೋಡು, ಮಣ್ಣಿನ ಗುಣ!" ಎಂದು ಹುಲಿಯಾ ಸೊಸೆಯ ಕಿವಿಯಲ್ಲಿ ಪಿಸುಗುಟ್ಟುವನು. ಕಲಸಿದವನು ತಾನೇ ಎಂಬುದನ್ನು ಮರೆತು ನಂಬಿಬಿಟ್ಟಿದ್ದ, ಹುಚ್ಚಪ್ಪ. ಅವಳಿಗೆ ಎಚ್ಚರವಾದೀತೆಂದು ಸೋಮವಾರದ ಕಥೆಗೆ ರೇಡಿಯೋ ಹಚ್ಚುವುದನ್ನೂ ಬಿಟ್ಟ. ಕಥೆಯ ಹೊತ್ತಿಗೆ ಮನೆ ಗಪ್ಪಾಗಿರುತ್ತಿತ್ತು.

ನಲವತ್ತು ದಿನಕ್ಕೆ ರುಕ್ಮಿಣಿ ತೀರಿಕೊಂಡಳು. ಹಾಸಿಗೆ ತೆಗೆಯುವಾಗ ಗಂಟು ಸಿಕ್ಕಿತು. ಹುಲಿಯಾ ಅದನ್ನು ಬಿಚ್ಚಿ, ಅವಳು ಮಾಡಿದಂತೆಯೇ ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡ.

ಉಪ್ಪು. ಬರೀ ಕಡಲ ಉಪ್ಪು.

ಹಾಗಾದರೆ ಅವಳಿಗೆ ಆ ದಿನ ನಾಲಿಗೆಗಿಟ್ಟ ಗಳಿಗೆಯಲ್ಲೇ ಗೊತ್ತಾಗಿತ್ತು. ನಲವತ್ತು ಮಧ್ಯಾಹ್ನ ಅವಳು ಗಂಡನ ಸಮಾಧಾನಕ್ಕೆ ಗೊರಕೆ ಹೊಡೆಯುತ್ತ, ಕಣ್ಣು ಮುಚ್ಚಿಕೊಂಡು ಎಚ್ಚರವೇ ಇದ್ದಳು. ಜೊತೆಗಿದ್ದ ಒಂದು ರೇಡಿಯೋವನ್ನೂ ಅವನೇ ಬಂದ್ ಮಾಡಿದ್ದ.