ಶೈಲಾ ತಂದ ಗಂಜಿ

ಶೈಲಾ, ಆ ಗಂಜಿ ಕುಡಿದವಳು ನಾನು. ಎರಡೂ ಹೊತ್ತು, ಒಂದು ತೊಟ್ಟೂ ಬಿಡದೆ. ನಿನ್ನ ಗಂಡನ — ನನ್ನ ತಮ್ಮ ಉಮೇಶನ — ಬಾಯಿಗೆ ಒಂದು ಚಮಚವೂ ಹೋಗಿರಲಿಲ್ಲ.

ಮಂಡಿನೋವಿಗೆಂದು ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ನುಂಗಿ ಅವನ ಜಠರ ತೂತಾಗಿತ್ತಲ್ಲ, ಆಗಿನ ಮಾತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ತುರ್ತಾಗಿ ಆಪರೇಷನ್ ಆಯಿತು. ಸುದ್ದಿ ಕೇಳಿ ನಾನು ಭದ್ರಾವತಿಯಿಂದ ಸಿಕ್ಕಿದ ಬಸ್ಸು ಹತ್ತಿ ಬಂದೆ. ವಾರ್ಡಿನಲ್ಲಿ ರೋಗಿಯ ಜೊತೆ ಒಬ್ಬರೇ ಇರಬೇಕು ಅಂದಾಗ ನಿನ್ನನ್ನು ಗೋಪಾಳ ಬಡಾವಣೆಯ ನಿಮ್ಮ ಮನೆಗೆ ಅಟ್ಟಿ ನಾನೇ ಕುರ್ಚಿ ಹಿಡಿದೆ. ನೆಂಟರಲ್ಲಿ ಯಾರು ಆಸ್ಪತ್ರೆ ಸೇರಿದರೂ ಜೊತೆಗೆ ಕೂರುವವಳು ನಾನು. ಅರ್ಧ ಡಾಕ್ಟರ್ ಎಂಬ ಜಂಬ ಬೇರೆ.

ಹೊಟ್ಟೆ ಅಗಲವಾಗಿ ಕೊಯ್ಯದೆ ಸಣ್ಣ ರಂಧ್ರಗಳಿಂದಲೇ ಹೊಲಿದಿದ್ದೇವೆ, ಬೇಗ ಎಬ್ಬಿಸಿ ನಡೆಸಿ, ನಾಳೆಯಿಂದಲೇ ತೆಳು ಗಂಜಿ ಕೊಡಿ, ಕರುಳು ಚುರುಕಾಗುತ್ತದೆ ಎಂದರು ಡಾಕ್ಟರು. ನಮ್ಮಮ್ಮನ ಹೊಟ್ಟೆ ಕೊಯ್ದಾಗ ಗಾಳಿ ಹೋಗುವವರೆಗೆ ತುಟಿಗೆ ಒದ್ದೆ ಬಟ್ಟೆ ಮಾತ್ರ ಒತ್ತಿದ್ದೆವು. ಇವರು ನೋಡಿದರೆ ಹಸಿ ಹೊಲಿಗೆಯ ಮೇಲೆ ಊಟಕ್ಕೆ ಕೂರಿಸುತ್ತಾರೆ.

ಹಾಗಾಗಿ ನೀನು ಡಬ್ಬಿ ಕೊಟ್ಟು ಹೋದ ಮೇಲೆ — ಚೆಲ್ಲಲು ಮನಸ್ಸು ಬರಲಿಲ್ಲ, ಅನ್ನ ಅಲ್ಲವೆ — ನಾನೇ ಕುಡಿದೆ. ಉಮೇಶನಿಗೆ ಅಲ್ಲಾಡದೆ ಮಲಗು ಅಂದೆ. ನೋವಿಗೆ ಹೆದರಿದ್ದ ಅವನು ಜನ್ಮದಲ್ಲಿ ಮೊದಲ ಸಲ ಅಕ್ಕನ ಮಾತು ಕೇಳಿದ.

"ಅಜ್ಜಿ, ಪೇಷೆಂಟಿಗೆ ಗಂಜಿ ಕೊಟ್ರಾ? ನಡೆಸಿದ್ರಾ?" ಎಂದಳು ನರ್ಸ್. ಅಜ್ಜಿ ಅಂದಳಲ್ಲ ಎಂಬ ಸಿಟ್ಟು. ಎಲ್ಲ ಆಯಿತು ಅಂದುಬಿಟ್ಟೆ.

ಮರುದಿನ ಅವನ ಹೊಟ್ಟೆ ಉಬ್ಬಿತು, ವಾಂತಿಯಾಯಿತು. ನಡೆದು, ಗಂಜಿ ಕುಡಿದವನಿಗೆ ಹೀಗೇಕೆ, ಹೊಲಿಗೆ ಬಿಟ್ಟಿತೇ ಎಂದು ಡಾಕ್ಟರು ಗಾಬರಿಯಾಗಿ ಸ್ಕ್ಯಾನಿಗೆ ಕಳಿಸಿದರು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ — ನಿನ್ನ ಕಡೆ ತಿರುಗಿ, ಅಳಿಯನನ್ನು ನೋಡಲು ಬಂದಿದ್ದ ನಿನ್ನ ಅಮ್ಮನ ಎದುರಿಗೇ.

"ನೋಡು, ನಿನ್ನ ಗಂಜಿ ಏನ್ ಮಾಡ್ತು ಅಂತ."

ನೀನು ಖಾಲಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತೆ.

ಹೊಲಿಗೆಗೆ ಏನೂ ಆಗಿರಲಿಲ್ಲ, ಕರುಳು ಸೋಮಾರಿಯಾಗಿತ್ತಷ್ಟೆ. ಪಾಪ, ಉಬ್ಬರ ಇಳಿಸಲು, ಆಪರೇಷನ್ ದಿನ ಹಾಕಿದ್ದಂತೆ, ಮತ್ತೆ ಮೂಗಿಗೆ ನಳಿಗೆ ಹಾಕಿದರು. ಅದನ್ನು ತೆಗೆದ ಮೇಲೆ ನರ್ಸ್ ತಾನೇ ಕೈಹಿಡಿದು ಅವನನ್ನು ವರಾಂಡದಲ್ಲಿ ಸುತ್ತಿಸಿದಳು. ಸ್ವಲ್ಪ ಹೊತ್ತಿಗೆ ಗಾಳಿ ಹೋಯಿತು — ಪಕ್ಕದ ವಾರ್ಡಿಗೂ ಕೇಳಿಸುವಂತೆ. ಎಲ್ಲರೂ ನಕ್ಕರು, ಹೊಲಿಗೆ ಹಿಡಿದುಕೊಂಡು ಉಮೇಶನೂ ನಕ್ಕ. ನೀನು ಮಾತ್ರ ನಗಲಿಲ್ಲ.

ಈಗ ಅವನು ಗುಂಡುಕಲ್ಲಿನಂತಿದ್ದಾನೆ. ಆದರೆ ನೀನು ಇಂದಿಗೂ ಹೊಸದೇನಾದರೂ ಮಾಡಿದರೆ ಭದ್ರಾವತಿಗೆ ಫೋನ್ ಮಾಡಿ, "ಅಕ್ಕಾ, ಇವ್ರಿಗೆ ಇದು ಕೊಡಬಹುದಾ?" ಅನ್ನುತ್ತೀಯ. ನಾನು ನ್ಯಾಯಾಧೀಶರ ಗತ್ತಿನಲ್ಲಿ ಅಪ್ಪಣೆ ಕೊಡುತ್ತೇನೆ. ನಾಚಿಕೆಯಾಗುತ್ತದೆ — ಆ ಗತ್ತು ನನಗೆ ಇಷ್ಟವೂ ಆಗಿತ್ತು.

ಭಾನುವಾರ ಬರುತ್ತೇನೆ. ನಿನ್ನ ಅಮ್ಮನನ್ನೂ ಕರೆಸು. ಅವರೆದುರಿಗೆ ಆಡಿದ್ದನ್ನು ಅವರೆದುರಿಗೇ ವಾಪಸ್ಸು ತೆಗೆದುಕೊಳ್ಳಬೇಕು. ಬೈಯುವುದಾದರೆ ಬೈ, ಕೇಳಿಸಿಕೊಳ್ಳುತ್ತೇನೆ.

ಗಂಜಿ ಬಹಳ ಚೆನ್ನಾಗಿತ್ತು, ಶೈಲಾ. ಉಪ್ಪು ಹದವಾಗಿತ್ತು. ನಿನ್ನನ್ನು ದೂರುವಾಗಲೂ ಅದರ ರುಚಿ ನನ್ನ ನಾಲಿಗೆಯ ಮೇಲಿತ್ತು.