ಎತ್ತಿಗಿದ್ದ ಸೋಮವಾರ

ನನ್ನ ಗಂಡನಂಥ ದುಡಿಮೆಗಾರ ಇನ್ನೊಬ್ಬನಿಲ್ಲವೆಂದು ಕಂಪ್ಲಿಯಲ್ಲಿ ಎಲ್ಲರೂ ಹೊಗಳುತ್ತಿದ್ದರು. ಹೊಗಳುವವರ ಗಂಟೇನು ಹೋಗುತ್ತಿತ್ತು? ಆ ದುಡಿಮೆಗಾರನ ಜೊತೆ ಸಂಸಾರ ಮಾಡಬೇಕಾದವಳು ನಾನು.

ಸಾಹುಕಾರರ ಕಬ್ಬಿನ ಗಾಣದಲ್ಲಿ ಆತ ಬೆಲ್ಲದ ಹದ ನೋಡುವವನು. ನಾನು ಒಲೆಗೆ ಕಬ್ಬಿನ ಸಿಪ್ಪೆ ಹಾಕುವವಳು. ನಮ್ಮಿಬ್ಬರ ಜೊತೆ ಮೂವರು ಆಳುಗಳು, ಎರಡು ಎತ್ತು. ಗಾಣ ತನ್ನ ಪಾಡಿಗೆ ತಾನು ತಿರುಗಿಕೊಂಡಿತ್ತು. ಅಷ್ಟರಲ್ಲಿ ಬಿಳಿಯರ ಯುದ್ಧ ಬಂತು. ಅಂಗಡಿಯಲ್ಲಿ ಸಕ್ಕರೆ ಮಾಯವಾಯಿತು, ಹೊಸಪೇಟೆಯ ವ್ಯಾಪಾರಿಗಳು ಬೆಲ್ಲ ಬೆಲ್ಲ ಎಂದು ಬಂದು ಕುಳಿತರು. ಸಾಹುಕಾರರು ನನ್ನ ಗಂಡನ ಬೆನ್ನು ತಟ್ಟಿ, "ನೀ ಇದ್ದೀ ಅಂತ ನನಗ ಧೈರ್ಯ ಐತಿ ನೋಡು" ಎಂದರು. ಅಷ್ಟೇ ಸಾಕಾಯಿತು. ಆ ಬೆನ್ನು ಮತ್ತೆ ಸರಿಯಾಗಿ ನೆಲಕ್ಕೆ ತಾಗಲಿಲ್ಲ.

ಉಣ್ಣಲು ಕರೆದರೆ ಕೊಪ್ಪರಿಗೆಯ ಪಕ್ಕದಲ್ಲೇ ನಿಂತು ಎರಡು ತುತ್ತು ಗಬಗಬ ನುಂಗುತ್ತಿದ್ದ. ಹಬ್ಬಕ್ಕೆ ನನ್ನ ತವರು ಮರಿಯಮ್ಮನಹಳ್ಳಿಗೆ ಹೋಗಿ ಬರೋಣವೆಂದರೆ, "ಹದ ಯಾರು ನೋಡಬೇಕು, ನಿಮ್ಮಪ್ಪ ನೋಡ್ತಾನ?" ಎನ್ನುತ್ತಿದ್ದ. ಅದನ್ನಾದರೂ ತಡೆದುಕೊಂಡೆ. ಜೊತೆಯವರ ಮೇಲೆ ಹರಿಹಾಯುವುದನ್ನು ಮಾತ್ರ ನೋಡಲಾಗುತ್ತಿರಲಿಲ್ಲ. ಬೀಡಿ ಸೇದಲು ಕುಳಿತವನನ್ನು ಮೈಗಳ್ಳ ಎಂದ. ಜ್ವರ ಬಂದವನಿಗೆ ನಾಟಕ ಮಾಡಬೇಡ ಎಂದ. ಮೊದಲು ನಕ್ಕೊಂಡು ಗಾಣಕ್ಕೆ ಕಬ್ಬು ಕೊಡುತ್ತಿದ್ದವರು ಈಗ ಒಬ್ಬರ ಮೇಲೊಬ್ಬರು ಸಾಹುಕಾರರಿಗೆ ಚಾಡಿ ಹೇಳತೊಡಗಿದರು. ನೀರು ಕುಡಿಯಲು ಏಳುವವನೂ ಒಮ್ಮೆ ಸುತ್ತ ನೋಡಿ ಏಳುತ್ತಿದ್ದ. ಇಂಥ ದುಡಿಮೆಗಿಷ್ಟು ಬೆಂಕಿ ಬೀಳಲಿ ಎಂದು ಒಲೆಯ ಮುಂದೆ ಕುಳಿತೇ ಎಷ್ಟೋ ಸಲ ಶಪಿಸಿದ್ದೇನೆ.

ಒಂದು ಮಧ್ಯಾಹ್ನ ಕೊಪ್ಪರಿಗೆಯಲ್ಲಿ ರಸ ಕುದಿಯುತ್ತಿತ್ತು. ಮರದ ಹುಟ್ಟಿನಿಂದ ಅದನ್ನು ತಿರುವುತ್ತಿದ್ದ ನನ್ನ ಗಂಡ ನಿಂತಲ್ಲೇ ತೂಕಡಿಸಿ ಮುಂದಕ್ಕೆ ವಾಲಿದ. ನಾನು ಹಿಂದಿನಿಂದ ಧೋತರ ಹಿಡಿದು ಎಳೆದೆ. ಇಬ್ಬರೂ ಬೂದಿಯಲ್ಲಿ ಬಿದ್ದೆವು. ಆತ ಎದ್ದು ಹೇಳಿದ್ದೇನು ಗೊತ್ತೆ? "ಹುಟ್ಟು ಯಾಕ ಬಿಡಿಸಿದಿ? ತಳ ಹಿಡೀತೈತಿ." ಈತನನ್ನು ಈ ಹುಚ್ಚಿನಿಂದ ಬಿಡಿಸಿಕೊಳ್ಳದಿದ್ದರೆ ಒಂದು ದಿನ ಆ ಕೊಪ್ಪರಿಗೆಯಿಂದಲೇ ಎತ್ತಿಕೊಳ್ಳಬೇಕಾಗುತ್ತದೆ ಎಂದು ಅವತ್ತು ನನಗೆ ಖಾತ್ರಿಯಾಯಿತು.

ಸೋಮವಾರವೊಂದಾದರೂ ಗಾಣ ನಿಲ್ಲುತ್ತಿತ್ತು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಬಿಡುತ್ತಾರೆ. ಸಾಹುಕಾರರಂತೂ ಶಿವಪೂಜೆಯಾಗದೆ ಹನಿ ನೀರು ಮುಟ್ಟದವರು. ಅವರ ಎತ್ತಿಗೆ ಸೋಮವಾರ ಎಂದೂ ತಪ್ಪಿದ್ದಿಲ್ಲ. ಆದರೆ ಆ ವರ್ಷ ಕಡಿದು ತಂದ ಕಬ್ಬು ಅಂಗಳದಲ್ಲೇ ಒಣಗುತ್ತಿತ್ತು. ಒಂದು ಸೋಮವಾರ ಬೆಳಿಗ್ಗೆ ಅವರು ಆ ರಾಶಿ ನೋಡಿ, "ಏನ್ ಮಾಡೂಣಪ್ಪಾ ಇದಕ್ಕ" ಎಂದು ನಿಟ್ಟುಸಿರು ಬಿಟ್ಟರು. ನನ್ನ ಗಂಡ ಧೋತರ ಎತ್ತಿ ಕಟ್ಟಿದ.

"ಎತ್ತಿಗೆ ಸೋಮವಾರ ಐತ್ರಿ, ನಮಗೇನೈತಿ? ನಾವ ಎಳೀತೀವಿ."

ಅಂದವನೇ ಹೋಗಿ ಗಾಣದ ನೊಗಕ್ಕೆ ಹೆಗಲು ಕೊಟ್ಟು, ಹಗ್ಗವನ್ನು ತಾನೇ ಕೊರಳಿಗೆ ಹಾಕಿಕೊಂಡ. ಉಳಿದ ಮೂವರು ಮುಖ ಮುಖ ನೋಡಿಕೊಂಡರು. ಮೈಗಳ್ಳ ಅನ್ನಿಸಿಕೊಳ್ಳುವ ಹೆದರಿಕೆಗೆ ಅವರೂ ಹೋಗಿ ಹಗ್ಗ ಹಾಕಿಕೊಂಡು ನಿಂತರು. ಅವರಲ್ಲೊಬ್ಬನಿಗೆ ಇನ್ನೂ ಜ್ವರ ಬಿಟ್ಟಿರಲಿಲ್ಲ. ಸಾಹುಕಾರರು ಬ್ಯಾಡ ಅನ್ನಲಿಲ್ಲ. ಗಾಣ ತಿರುಗತೊಡಗಿತು.

ನಾನು ಆಗ ಕೊಟ್ಟಿಗೆಯಲ್ಲಿ ಎತ್ತುಗಳ ಮೈ ತೊಳೆದು ವಿಭೂತಿ ಹಚ್ಚುತ್ತಿದ್ದೆ. ಬಾಗಿಲಿನಿಂದ ಎಲ್ಲ ಕಾಣಿಸಿತು. ಎತ್ತು ನೆರಳಲ್ಲಿ ಮೆಲುಕು ಹಾಕುತ್ತಿದೆ, ಗಂಡ ಬಿಸಿಲಲ್ಲಿ ಸುತ್ತುತ್ತಿದ್ದಾನೆ. ನನ್ನ ಮೈಯೆಲ್ಲ ಉರಿದುಹೋಯಿತು. ವಿಭೂತಿ ಗಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಅವರಿಗೆ ಅಡ್ಡ ನಿಂತೆ.

"ಸರಿ ಆ ಕಡೆ," ಎಂದ ಗಂಡ, ಏದುಸಿರಿನಲ್ಲಿ.

ನಾನು ಸರಿಯಲಿಲ್ಲ. ಸೆರಗಿನಿಂದ ಆತನ ಹಣೆಯ ಬೆವರು ಒರೆಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದೆ. ಆಮೇಲೆ ಜ್ವರದವನಿಗೆ. ಆಮೇಲೆ ಉಳಿದಿಬ್ಬರಿಗೆ.

"ಏನವ್ವಾ ಇದು ಆಟ?" ಎಂದರು ಸಾಹುಕಾರರು.

"ಆಟ ಅಲ್ರಿ ಸಾವ್ಕಾರ್ರ. ಇವತ್ತು ಸೋಮವಾರ. ಎತ್ತು ಬಿಚ್ಚಾಕ ಬಂದೀನಿ."

"ಎತ್ತು ಕೊಟ್ಟಿಗ್ಯಾಗ ಅದಾವಲ್ಲ."

"ಅಲ್ಲಿ ಎರಡು ಅದಾವ, ಇಲ್ಲಿ ನಾಕು ಅದಾವ. ಇವು ಎತ್ತಾದ್ರ ಇವತ್ತು ಹೂಡಬ್ಯಾಡ್ರಿ. ಮನಷಾರಾದ್ರ ಕೊರಳಿಗೆ ಹಗ್ಗ ಯಾಕ್ರಿ? ಎರಡರಾಗ ಒಂದು ನೀವ ಹೇಳ್ರಿ."

ಅವರ ಹಣೆಯ ಮೇಲೂ ಬೆಳಗಿನ ಪೂಜೆಯ ವಿಭೂತಿ ಇತ್ತು. ಅದನ್ನೊಮ್ಮೆ ಬೆರಳಿನಿಂದ ಮುಟ್ಟಿಕೊಂಡರು. ನಾನು ಕಾಯಲಿಲ್ಲ. ಮೊದಲು ಜ್ವರದವನ ಹಗ್ಗ ಬಿಚ್ಚಿದೆ. ಅವನು ಅಲ್ಲೇ ಕುಸಿದು ಕುಳಿತ. ಅದನ್ನು ನೋಡಿ ಉಳಿದಿಬ್ಬರು ತಾವೇ ಬಿಚ್ಚಿಕೊಂಡರು. ನನ್ನ ಗಂಡ ಮಾತ್ರ ಹಗ್ಗ ಬಿಗಿಯಾಗಿ ಹಿಡಿದಿದ್ದ.

"ನನ್ನ ಮಾನ ತಗದಿ ನೀನು," ಎಂದ.

"ಮಾನ ನಾಳೆ ದುಡಕೊಳ್ರಿ. ಜೀವ ಹ್ವಾದ್ರ ನನಗ ಯಾರು ದುಡದು ಕೊಡತಾರ?"

ಹಟಕ್ಕೆ ಬಿದ್ದು ಒಬ್ಬನೇ ಎಳೆದ. ಗಾಣ ಅಲುಗಲಿಲ್ಲ. ಮತ್ತೆ ಎಳೆದ, ಹೆಗಲು ಜಾರಿ ಮಂಡಿಯೂರಿದ. ಹಗ್ಗ ಬಿಚ್ಚಿ, ಕೈಹಿಡಿದು, ಕೊಟ್ಟಿಗೆಯ ನೆರಳಿಗೆ ಕರೆತಂದೆ. ಬೈಯುತ್ತಲೇ ಬಂದ, ಬೈಯುತ್ತಲೇ ಹುಲ್ಲಿನ ಮೇಲೆ ಒರಗಿದ, ಬೈಗುಳ ಮುಗಿಯುವ ಮೊದಲೇ ನಿದ್ದೆ ಹೋದ.

ನಿದ್ದೆಯಲ್ಲೂ ಆತನ ಬಲಗೈ ನಿಲ್ಲಲಿಲ್ಲ. ಕೊಪ್ಪರಿಗೆಯಲ್ಲಿ ಹುಟ್ಟು ಆಡಿಸುವ ಹಾಗೆ ಬರಿಗಾಳಿಯಲ್ಲಿ ಸುತ್ತುತ್ತಲೇ ಇತ್ತು. ನೋಡಿ ಅಳು ಬಂತು ನನಗೆ. ಎರಡೂ ಕೈಯಿಂದ ಅದನ್ನು ಹಿಡಿದು ತೊಡೆಯ ಮೇಲೆ ಇಟ್ಟುಕೊಂಡೆ. ಬಹಳ ಹೊತ್ತು ಎಳೆದಾಡಿ ಕೊನೆಗೆ ಸುಮ್ಮನಾಯಿತು.

ಸಾಹುಕಾರರು ಬಾಗಿಲಿಗೆ ಬಂದು ನಿಂತರು. "ಎಬ್ಬಿಸವ್ವಾ ಅವನ್ನ. ಕಬ್ಬು ಒಣಗತೈತಿ."

ನಾನು ಏಳಲಿಲ್ಲ, ಆ ಕೈಯನ್ನೂ ಬಿಡಲಿಲ್ಲ.

"ಒಣಗ್ಲಿ ಬಿಡ್ರಿ," ಎಂದೆ.