ಎಲ್ಲಿಗೆ ಅಂದರೆ ಮೈ ಉರಿಯುತ್ತೆ

ಹೋದ ಗುರುವಾರ ಬೆಳಿಗ್ಗೆ ನನ್ನ ಮಗಳು ಕಮಲ ಪರೀಕ್ಷೆಗೆಂದು ಹೊರಟು, ಹೊಸಿಲು ದಾಟಿ, ಬೀದಿಗೆ ಕಾಲಿಟ್ಟು, ಮತ್ತೆ ಒಳಗೆ ಬಂದು ಮಣೆಯ ಮೇಲೆ ಕೂತು ನೀರು ಕುಡಿದಳು. ಅಷ್ಟರಲ್ಲಿ ಮದ್ದೂರಿನ ಬಸ್ಸು ಹೊರಟುಹೋಯಿತು.

ಬಾಯಾರಿತ್ತೇನೋ ಅನ್ನಬೇಡಿ. ಬಾಯಾರಿದ್ದರೆ ನಾನು ಇಷ್ಟು ರೇಗುತ್ತಿರಲಿಲ್ಲ. ಯಾರೋ ‘ಎಲ್ಲಿಗೆ?’ ಅಂದರು. ಅಷ್ಟೇ ಆದದ್ದು.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಪತ್ರಿಕೆ ದೂರದ ಊರುಗಳಿಗೂ ಹೋಗುತ್ತದಂತೆ (ಸಂಪಾದಕರು ಹಾಗೆ ಹೇಳುತ್ತಾರೆ, ನಾನು ನಂಬಿದ್ದೇನೆ). ಅಲ್ಲಿಯವರಿಗಾಗಿ ಎರಡು ಮಾತು. ಕೆಲಸದ ಮೇಲೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಕೊಂಕು, ಹೋದ ಕೆಲಸ ಕೆಡುತ್ತದೆ. ಕೇಳದೆ ಇರಲಾಗದವರು ‘ದೂರ ಹೊರಟಿರಾ?’ ಎನ್ನಬೇಕು. ತಪ್ಪಿ ಯಾರಾದರೂ ಎಲ್ಲಿಗೆ ಅಂದುಬಿಟ್ಟರೆ ಮನೆಗೆ ವಾಪಸ್ ಬಂದು, ಸ್ವಲ್ಪ ಹೊತ್ತು ಕೂತು, ಒಂದು ಗುಟುಕು ನೀರು ಕುಡಿದು, ಹೊಸದಾಗಿ ಹೊರಡಬೇಕು.

ಸರಿ, ಮನುಷ್ಯರು ಹೊಸದಾಗಿ ಹೊರಡಬಹುದು. ಬಸ್ಸಿಗೆ ಇದನ್ನೆಲ್ಲ ಯಾರು ಹೇಳಬೇಕು?

ನನ್ನ ಸಿಡುಕು ನಿಮಗೆ ಹೊಸದಲ್ಲ. ವಾರವಾರವೂ ಯಾವುದಕ್ಕಾದರೂ ಸಿಡುಕುತ್ತೇನೆ, ನೀವೂ ಓದುತ್ತೀರಿ. ಆದರೆ ಈಚೆಗೆ ಒಂದು ವಿಷಯ ನನ್ನ ಗಮನಕ್ಕೆ ಬಂದಿದೆ. ನನಗೆ ರೇಗುವುದು ನಿಂತಿಲ್ಲ, ನಿಲ್ಲುವುದೂ ಇಲ್ಲ. ಯಾವುದಕ್ಕೆ ರೇಗುತ್ತದೆ ಅನ್ನುವುದು ಮಾತ್ರ ಬದಲಾಗುತ್ತಾ ಬಂದಿದೆ.

ಮದುವೆಯಾಗಿ ಮಳವಳ್ಳಿಗೆ ಬಂದ ಹೊಸದರಲ್ಲಿ ನಮ್ಮ ಮಾವನವರು ಕಾಫಿಯನ್ನು ಸೊರ್ರೆಂದು ಹೀರುವ ಸದ್ದಿಗೆ ಅಡುಗೆಮನೆಯಲ್ಲಿ ಹಲ್ಲು ಕಚ್ಚುತ್ತಿದ್ದೆ. ಈಗ ನಾನೂ ಹಾಗೆಯೇ ಹೀರುತ್ತೇನೆ. ಬಿಸಿ ಕಾಫಿಯನ್ನು ಇನ್ನು ಹೇಗೆ ಕುಡಿಯುವುದು? ನನ್ನ ಓರಗಿತ್ತಿ ಮಾತುಮಾತಿಗೂ ‘ನಮ್ಮ ತವರಲ್ಲಿ ಹೀಗಲ್ಲಪ್ಪ’ ಅನ್ನುವುದು ಕೇಳಿದರೆ ಆಗ ಮೈಯೆಲ್ಲ ಉರಿಯುತ್ತಿತ್ತು. ಈಗ ಅವಳ ಮೇಲೆ ಸಿಟ್ಟಿಲ್ಲ. ಇಷ್ಟು ಸಲ ಆ ಮಾತು ಕೇಳಿಸಿಕೊಂಡೂ ಅವಳನ್ನು ನಾಲ್ಕು ದಿನ ತವರಿಗೆ ಕಳಿಸದ ನನ್ನ ಮೈದುನನ ಮೇಲೆ ಸಿಟ್ಟು ಬರುತ್ತದೆ. ಸಿಟ್ಟು ಅದೇ, ಆದರೆ ಅದು ಸರಿಯಾದ ವಿಳಾಸ ಹುಡುಕಿಕೊಳ್ಳುವುದಕ್ಕೆ ಇಷ್ಟು ವರ್ಷ ಹಿಡಿಯಿತು.

ಈ ‘ಎಲ್ಲಿಗೆ’ಯ ಕಥೆಯೂ ಹೀಗೆಯೇ.

ಮೊದಮೊದಲು ನನಗೆ ರೇಗುತ್ತಿದ್ದದ್ದು ಕೇಳುವವರ ಮೇಲೆ. ನಮ್ಮ ಬೀದಿಯಲ್ಲಿ ಒಂದು ಹೆಂಗಸು ಕುಂಕುಮದ ಬಟ್ಟಲು ಹಿಡಿದು ಆಚೆ ಮನೆಗೆ ಹೋಗುವಷ್ಟರಲ್ಲಿ ಜಗಲಿಗೊಬ್ಬರು ಎಲ್ಲಿಗೆ ಅನ್ನುತ್ತಾರೆ. ಬಟ್ಟಲು ಕಣ್ಣಿಗೆ ಬೀಳುವುದಿಲ್ಲವೇ? ಒಂದು ದಿನ ತಡೆಯಲಾರದೆ ‘ಕಾಶಿಗೆ’ ಅಂದುಬಿಟ್ಟೆ. ಮನೆಗೆ ಬರುವ ಹೊತ್ತಿಗೆ ಸುದ್ದಿ ನನಗಿಂತ ಮುಂಚೆ ಬಂದಿತ್ತು. “ಏನೇ, ಕಾಶಿಯಿಂದ ಇಷ್ಟು ಬೇಗ ಬಂದೆ? ಗಂಗೆ ತಂದೆಯಾ?” ಅಂದರು ಅತ್ತೆ.

ಆಮೇಲೆ ಕೇಳುವವರ ಮೇಲಿನ ಸಿಟ್ಟು ತಣ್ಣಗಾಗಿ, ಕೇಳಿಸಿಕೊಂಡು ವಾಪಸ್ ಬರುವವರ ಮೇಲೆ ಹತ್ತಿಕೊಂಡಿತು. ನಮ್ಮ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ರುಮಾಲು ಸುತ್ತಿ, ಕೊಡೆ ಹಿಡಿದು, ಗತ್ತಿನಿಂದ ಹೊರಟವರು ಬೀದಿಯ ತುದಿಯಿಂದ ತಿರುಗಿ ಬರುತ್ತಾರೆ. ಮುಖ ಸಪ್ಪಗಿರುತ್ತದೆ. ಯಾವುದೋ ಪುಟ್ಟ ಮಗು ಎಲ್ಲಿಗೆ ಅಂದಿರುತ್ತದೆ. ಸರಿ, ಮಣೆ ಹಾಕು, ನೀರು ತಾ. ನನ್ನ ಕೈಯೆಲ್ಲ ಹಿಟ್ಟು, ಒಲೆಯ ಮೇಲೆ ಹುಳಿ ಕುದಿಯುತ್ತಿರುತ್ತದೆ. ದಿನವೂ ಹೋಗುವ ಕಚೇರಿಗೂ ಕೊಂಕೇ? ಅಲ್ಲಿ ಕೆಡುವುದಕ್ಕೆ ಇನ್ನೇನಾದರೂ ಉಳಿದಿದೆಯೇ? ಹೀಗೆ ಮನಸ್ಸಿನಲ್ಲೇ ಅಂದುಕೊಂಡು ನೀರು ಕೊಡುತ್ತಿದ್ದೆ.

ಈಗ ಗುರುವಾರಕ್ಕೆ ಬರುತ್ತೇನೆ.

ಕಮಲ ಈ ಸಲ ಲೋಯರ್ ಸೆಕೆಂಡರಿ ಪರೀಕ್ಷೆಗೆ ಕೂತಿದ್ದಾಳೆ. ಅವಳಿಗೆ ಬಿದ್ದಿರುವ ಜಾಗ ಮದ್ದೂರು. ಅವರಪ್ಪ ಮೊದಲೇ ತೀರ್ಪು ಕೊಟ್ಟಿದ್ದಾರೆ. ಪಾಸಾದರೆ ಮಂಡ್ಯದ ಹೈಸ್ಕೂಲು, ಇಲ್ಲವಾದರೆ ಕಿರುಗಾವಲಿನ ಗಂಡು. ಆ ಗಂಡಿನ ಕಡೆಯವರು ಆಗಲೇ ಜಾತಕ ಕಳಿಸಿ ಕಾದು ಕೂತಿದ್ದಾರೆ. ಹುಡುಗ ಒಳ್ಳೆಯವನೇ ಇರಬಹುದು. ಆದರೆ ನನ್ನ ಮಗಳು ಜಿಯಾಮೆಟ್ರಿ ಪುಸ್ತಕವನ್ನು ದಿಂಬಿನ ಕೆಳಗಿಟ್ಟು ಮಲಗುವವಳು. ಅವಳಿಗೆ ಓದಬೇಕು. ನನಗೂ ಅವಳು ಓದಬೇಕು.

ಅತ್ತೆಗೆ ಬೇಡ. “ಪಾಸು ಮಾಡಿ ಇವಳು ಯಾವ ಅಮಲ್ದಾರಿಕೆ ಮಾಡಬೇಕು?” ಅಂತ ವರ್ಷವಿಡೀ ಅಂದಿದ್ದಾರೆ.

ಹಿಂದಿನ ದಿನವೇ ಮದ್ದೂರಿಗೆ ಹೋಗಿ ನನ್ನ ಅಣ್ಣನ ಮನೆಯಲ್ಲಿ ಇರಬಹುದಿತ್ತಲ್ಲ ಅನ್ನುತ್ತೀರಿ. ಹಿಂದಿನ ದಿನ ಬುಧವಾರ. ಮಂಗಳವಾರ, ಬುಧವಾರ ಉತ್ತರ ದಿಕ್ಕಿಗೆ ವಾರಶೂಲೆ, ಆ ಕಡೆ ಹೊರಡಬಾರದು. ಮದ್ದೂರು ಇರುವುದು ಉತ್ತರಕ್ಕೆ. ಊರು ಕಟ್ಟಿದವರು ಪೂರ್ವಕ್ಕಾದರೂ ಕಟ್ಟಬಾರದಿತ್ತೇ? ಅಂತೂ ಗುರುವಾರ ಬೆಳಿಗ್ಗೆಯ ಮೊದಲ ಬಸ್ಸಿಗೇ ಹೋಗಬೇಕು, ಅದು ತಪ್ಪಿದರೆ ಪರೀಕ್ಷೆಯ ಟೈಮಿಗೆ ಮುಟ್ಟುವ ಬಸ್ಸಿಲ್ಲ. ಯಜಮಾನರಿಗೆ ಕಚೇರಿಯಲ್ಲಿ ಜಮಾಬಂದಿ, ಕಂದಾಯದ ಲೆಕ್ಕ ಒಪ್ಪಿಸುವ ಹೊತ್ತು, ರಜೆ ಇಲ್ಲ. ಕರೆದುಕೊಂಡು ಹೋಗುವವಳು ನಾನೇ.

ಹೊರಟೆವು. ಆಗತಾನೆ ಬೆಳಕು ಹರಿದಿತ್ತು. ಬೀದಿಯಲ್ಲಿ ಯಾರೂ ಇಲ್ಲ ಅಂತ ಸಮಾಧಾನಪಟ್ಟುಕೊಳ್ಳುತ್ತಿರುವಾಗಲೇ ನಮಗೆ ಹಾಲು ತರುವ ಚಿಕ್ಕತಾಯಮ್ಮ ಚೆಂಬು ಹಿಡಿದು ಎದುರಿಗೆ ಬಂದಳು. ಬಾಯಿತುಂಬ ನಕ್ಕಳು.

“ಏನ್ ಕಮ್ಲವ್ವಾ, ಇಸ್ಟೊತ್ಗೇ ಎಲ್ಗವ್ವಾ ಒಂಟೆ?”

ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಕೇಳಿಸಿತು. (ಬೇರೆ ಹೊತ್ತಿನಲ್ಲಿ ಕೂಗಿ ಕರೆದರೂ ಅವರಿಗೆ ಕೇಳಿಸುವುದಿಲ್ಲ.)

“ಅಯ್ಯೋ, ಕೊಂಕಾಯ್ತು! ಕಮಲಾ, ಬಾರೇ ಒಳಗೆ!”

“ಅತ್ತೆ, ಬಸ್ಸು ಹೋಗುತ್ತೆ!”

“ಹೋಗಲಿ. ಬಸ್ಸು ನಾಳೆಯೂ ಬರುತ್ತೆ. ಕೆಲಸ ಕೆಟ್ಟರೆ ಬರುತ್ತಾ?”

“ನಾಳೆ ಬರೋ ಬಸ್ಸು ಕಟ್ಟಿಕೊಂಡು ಏನು ಮಾಡಲಿ? ಪರೀಕ್ಷೆ ಇವತ್ತು!”

ಅವರು ನನ್ನ ಮಾತಿಗೆ ನಿಲ್ಲಲಿಲ್ಲ. ಮೊಮ್ಮಗಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದರು. ನಾನು ಬೀದಿಯಲ್ಲಿ ನಿಂತು ಚಿಕ್ಕತಾಯಮ್ಮನ ಮೇಲೆ ಹರಿಹಾಯ್ದೆ. ನಿನಗೆ ಅಷ್ಟೂ ತಿಳಿಯುವುದಿಲ್ಲವೇ, ಕೇಳಲೇಬೇಕಿದ್ದರೆ ದೂರವಾ ಅನ್ನಬಾರದಿತ್ತೇ ಅಂದೆ. ಪಾಪ, ಅವಳ ಮುಖ ಬಾಡಿಹೋಯಿತು.

“ನಾನೇನ್ ಕಂಡೆ ಕಣಮ್ಮ! ಗಂಡಸ್ರು ಒಂಟಿದ್ರೆ ದೂರುವಾ ಅಂತಿದ್ದೆ. ಎಂಗಸ್ರು ಅಲ್ವಾ ಅಂತ ಎಲ್ಗೆ ಅಂದ್ಬುಟ್ಟೆ. ಎಂಗಸ್ರು ಒಂಟ್ರೆ ಯಾವ ಕೊಂಕು, ಬುಡಿ!”

ಆಗ ಆ ಮಾತು ನನ್ನ ತಲೆಗೆ ಇಳಿಯಲಿಲ್ಲ. ಕಮಲ ಓಡಿ ಬಂದಳು, ಇಬ್ಬರೂ ಸೆರಗು ಕಟ್ಟಿ ಓಡಿದೆವು. ಬಸ್ಸು ನಿಲ್ಲುವ ಜಾಗದಲ್ಲಿ ಧೂಳು ಮಾತ್ರ ಇತ್ತು. ಬೀಡಿ ಹಚ್ಚುತ್ತಿದ್ದವನೊಬ್ಬ, ಈಗ ತಾನೇ ಹೋಯಿತು ಅಂದ.

ಕಮಲ ಅಳಲಿಲ್ಲ. ಪೆನ್ನು ಪೆನ್ಸಿಲಿನ ಚೀಲವನ್ನು ಎದೆಗೆ ಒತ್ತಿಕೊಂಡು ರಸ್ತೆಯನ್ನೇ ನೋಡುತ್ತಾ ನಿಂತಳು. ಅತ್ತಿದ್ದರೆ ವಾಸಿಯಿತ್ತು. ಆ ಹೊತ್ತಿನಲ್ಲಿ ನಾನು ಯಾರ್‍ಯಾರನ್ನು ಮನಸ್ಸಿನಲ್ಲಿ ಬೈದೆನೋ ಇಲ್ಲಿ ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ. ಅತ್ತೆ, ಹಾಲಿನವಳು, ಪಂಚಾಂಗ, ಜಮಾಬಂದಿ ಒಂದನ್ನೂ ಬಿಡಲಿಲ್ಲ.

ಆಗ ಹಿಂದಿನಿಂದ ಹಾರ್ನು ಕೇಳಿತು.

ಈ ಮದ್ದೂರಿನ ಬಸ್ಸು ಊರು ಬಿಡುವ ಮುನ್ನ ಬೀದಿಬೀದಿ ಸುತ್ತುತ್ತದೆ, ಸೀಟು ತುಂಬುವವರೆಗೂ ಪೇಟೆಗೊಂದು ಸುತ್ತು, ಕೋಟೆಗೊಂದು ಸುತ್ತು. ಈ ಸುತ್ತಾಟದ ಮೇಲೆ ನಾನು ಇದೇ ಅಂಕಣದಲ್ಲಿ ಎಷ್ಟು ಸಲ ಕಿಡಿ ಕಾರಿದ್ದೇನೆ, ನಿಮಗೆ ಗೊತ್ತು. ಗುರುವಾರ ಬೆಳಿಗ್ಗೆ ಆ ಬಸ್ಸು ಪೇಟೆ ಕಡೆಯಿಂದ ಖಾಲಿ ಸೀಟು ಹೊತ್ತುಕೊಂಡು ತಿರುಗಿ ಬಂದದ್ದನ್ನು ಕಂಡಾಗ ಡ್ರೈವರಿಗೆ ಆರತಿ ಎತ್ತೋಣ ಅನ್ನಿಸಿತು. ಇಬ್ಬರೂ ಅದರ ಕಡೆಗೆ ಓಡಿದೆವು.

“ಅಂಗ್ಯಾಕ್ ಓಡ್ ಬತ್ತೀರವ್ವಾ?” ಅಂದ ಕಂಡಕ್ಟರು. “ಸೀಟ್ ತುಂಬ್ದೆ ನಾನೇನ್ ಓಯ್ತೀನಾ? ಅತ್ತಿ, ಅತ್ತಿ.”

ಹತ್ತಿದೆವು. ಊರು ದಾಟಿದ ಮೇಲೂ ನನ್ನ ಗೊಣಗಾಟ ನಿಂತಿರಲಿಲ್ಲ. ಈ ಕಾಲದಲ್ಲೂ ಇಂಥ ಮೂಢನಂಬಿಕೆಯೇ, ನಿಮ್ಮಜ್ಜಿಗೆ ಬುದ್ಧಿ ಬರುವುದು ಯಾವಾಗ ಅಂತ ಮಗಳ ಕಿವಿ ತಿಂದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದವಳು ತಿರುಗಿ ಹೇಳಿದಳು.

“ಅಮ್ಮ, ಅಜ್ಜಿ ನನ್ನನ್ನ ಅಪ್ಪನ ಮಣೆ ಮೇಲೆ ಕೂರಿಸಿದರು.”

“ಕೂರಿಸಿದರೆ ಏನೀಗ?”

“ಇಷ್ಟು ದಿನ ಅದನ್ನ ಮುಟ್ಟೋಕೂ ಬಿಡ್ತಿರಲಿಲ್ಲ. ಇವತ್ತು ಅವರೇ ಹಾಕಿ, ಕೈಗೆ ಸಕ್ಕರೆ ಕೊಟ್ಟು, ನೀರು ಕೊಟ್ಟು, ‘ಹೋದ ಕೆಲಸ ಆಗಲಿ’ ಅಂದರು.”

ಚಿಕ್ಕತಾಯಮ್ಮ ಅಂದದ್ದು ಈಗ ಕೇಳಿಸಿತು. ಗಂಡಸರು ಹೊರಟರೆ ದೂರವಾ, ಹೆಂಗಸರು ಹೊರಟರೆ ಎಲ್ಲಿಗೆ. ಕೊಂಕು ಆಗಬೇಕಾದರೆ ಮೊದಲು ಕೆಡುವಂಥ ಕೆಲಸ ಇರಬೇಕಲ್ಲವೇ? ನಮ್ಮನ್ನು ಬೀದಿಯುದ್ದಕ್ಕೂ ಧೈರ್ಯವಾಗಿ ಎಲ್ಲಿಗೆ ಎಂದು ಕೇಳುತ್ತಿದ್ದದ್ದು ಅದಕ್ಕೇ. ಓದು ಬೇಡ ಅಂತ ವರ್ಷವಿಡೀ ಹಟ ಹಿಡಿದ ನಮ್ಮತ್ತೆಗೆ, ಮೊಮ್ಮಗಳ ಕೆಲಸ ಎಲ್ಲಿ ಕೆಟ್ಟುಹೋಗುತ್ತದೋ ಎಂದು ಭಯವಾಯಿತು. ಆ ಭಯದಲ್ಲಿ ಕೆಲಸವನ್ನೇ ಕೆಡಿಸಲು ಹೊರಟಿದ್ದರು, ಅದು ಬೇರೆ.

ಪರೀಕ್ಷೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಕಮಲ ಚೆನ್ನಾಗಿ ಬರೆದೆ ಅನ್ನುತ್ತಾಳೆ. ಮಿಕ್ಕದ್ದು ಪೇಪರು ತಿದ್ದುವ ಮೇಷ್ಟರ ಕೈಲಿದೆ.

ಅಣ್ಣನ ಮನೆಯಲ್ಲಿದ್ದು ಪರೀಕ್ಷೆ ಮುಗಿಸಿಕೊಂಡು ಶನಿವಾರ ಊರಿಗೆ ಬಂದೆವು. ಕಾಲು ತೊಳೆಯುವುದಕ್ಕೂ ಮುಂಚೆ ನಾನು ಅತ್ತೆಯ ಎದುರು ಹೋಗಿ ನಿಂತೆ. ಅವರು ನಡುಮನೆಯಲ್ಲಿ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು.

“ನೀವು ಮಾಡಿದ್ದಕ್ಕೆ ಮಗು ಒಂದು ವರ್ಷ ಕಳಕೋತಿತ್ತು ಅತ್ತೆ.”

“ಕಳಕೊಂಡಳಾ?”

“ಇಲ್ಲ.”

“ಮತ್ತೆ?”

ಈ ‘ಮತ್ತೆ’ಗೆ ಉತ್ತರ ಹೇಳಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ನನಗೂ ಹೇಳಬೇಕಾಗಿದ್ದದ್ದು ಅದಲ್ಲ. ಮನಸ್ಸಿನಲ್ಲಿದ್ದದ್ದು ಬೇರೆಯೇ ಇತ್ತು, ಅದೇ ಹೊರಗೆ ಬಂತು.

“ನಾನು ಈ ಮನೆಗೆ ಬಂದಾಗಿನಿಂದ ಬೀದಿಯವರೆಲ್ಲ ನನ್ನ ಎಲ್ಲಿಗೆ ಎಲ್ಲಿಗೆ ಅಂತಲೇ ಕೇಳಿದ್ದಾರೆ. ಒಂದು ದಿನವಾದರೂ ನೀವು ನನ್ನ ಒಳಗೆ ಕರೆದು ಕೂರಿಸಿದ್ದೀರಾ?”

ಅತ್ತೆ ಮೊರ ಕೆಳಗಿಟ್ಟು ನನ್ನನ್ನು ನೋಡಿದರು. ಚುಚ್ಚಿ ಮಾತಾಡುವುದು ಅವರಿಗೆ ಚೆನ್ನಾಗಿ ಬರುತ್ತದೆ, ಆದರೆ ಆ ಹೊತ್ತಿನಲ್ಲಿ ಅವರು ಚುಚ್ಚಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು.

“ನೀನು ಯಾವತ್ತೇ ಕೆಲಸಕ್ಕೆ ಅಂತ ಹೊರಟಿದ್ದೆ?”

ನನಗೆ ಅಳು ಬಂತು. ಅಳುವಷ್ಟೇ ಸಿಟ್ಟೂ ಬಂತು. ಕಮಲನಿಗೆ ಜ್ವರ ಏರಿದಾಗ ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದು ಕೆಲಸವಲ್ಲವೇ? ಆಚೆ ಬೀದಿಯಲ್ಲಿ ಹೆರಿಗೆಯಾದಾಗ ಕಷಾಯ ಕಾಯಿಸಿಕೊಂಡು ಹೋಗಿ ಕೂತದ್ದು? ಹಾಗೆಂದು ಕೇಳಿದರೆ ಅತ್ತೆ ‘ಅದೂ ಒಂದು ಕೆಲಸವೇನೇ?’ ಅನ್ನುತ್ತಾರೆ. ಅವರಾದರೂ ಇನ್ನೇನು ಅನ್ನಬೇಕು? ಅವರನ್ನಂತೂ ಯಾರು ಯಾವತ್ತು ಒಳಗೆ ಕರೆದು ಕೂರಿಸಿದ್ದರು? ಇಷ್ಟು ವರ್ಷ ನಾನು ಕೇಳುವವರ ಮೇಲೆ ರೇಗಿದೆ, ತಿರುಗಿ ಬರುವವರ ಮೇಲೆ ರೇಗಿದೆ. ನನ್ನನ್ನು ಯಾರೂ ತಿರುಗಿ ಕರೆಯಲಿಲ್ಲ ಅನ್ನುವುದಕ್ಕೆ ರೇಗಲು ನನಗೇ ಇಷ್ಟು ತಡವಾಯಿತು.

ಈ ಅಂಕಣವನ್ನೇ ನೋಡಿ. ವಾರವಾರವೂ ನಾನು ಬರೆಯುತ್ತೇನೆ, ಯಜಮಾನರು ಕಚೇರಿಗೆ ಹೋಗುವಾಗ ಅಂಚೆಗೆ ಹಾಕುತ್ತಾರೆ. ಕೈಯಲ್ಲಿ ಲಕೋಟೆ ಕಂಡವರು ‘ದೂರವಾ ಸ್ವಾಮಿ?’ ಎಂದು ಮರ್ಯಾದೆಯಿಂದ ಕೇಳಿ ದಾರಿ ಬಿಡುತ್ತಾರಂತೆ. ಬರೆದವಳು ಸುಮ್ಮನೆ ಮನೆಯಲ್ಲಿ ಇದ್ದಾಳೆ, ಹೊತ್ತವರು ಕೆಲಸದ ಮೇಲೆ ಹೊರಟಿದ್ದಾರೆ!

ಈ ವಾರದ ಲಕೋಟೆಯನ್ನು ನಾನೇ ಒಯ್ಯುತ್ತಿದ್ದೇನೆ. ದಾರಿಯಲ್ಲಿ ಯಾರಾದರೂ ಎಲ್ಲಿಗೆ ಅಂದರೆ ಅಲ್ಲಿಂದಲೇ ತಿರುಗಿ ಬಂದು ಮಣೆ ಹಾಕಿಸಿಕೊಂಡು ಕೂರುವವಳೇ. ನಂಬಿಕೆ ಇಲ್ಲದಿದ್ದರೂ ಕೂರುತ್ತೇನೆ. ಮತ್ತೆ ಹೊರಡುತ್ತೇನೆ, ಮತ್ತೆ ಕೇಳಿದರೆ ಮತ್ತೆ ಬಂದು ಕೂರುತ್ತೇನೆ.

ಅಂಕಣ ಒಂದು ವಾರ ತಡವಾಗಿ ಬಂದರೆ ಸಂಪಾದಕರು ನನ್ನನ್ನು ಕೇಳಬಾರದು, ನಮ್ಮ ಬೀದಿಯವರನ್ನು ಕೇಳಲಿ.